ಅರ್ನೋ ಕಣಿವೆಯ ಸೈಕಲ್ ಸವಾರ: ಜೀನೊ ಬಾರ್ತಾಲಿ

ಇಟಲಿಯ ಫ್ಲಾರೆನ್ಸ್ ನಗರವೆಂದೊಡನೆ ನಮ್ಮ ವಾಚಕರಲ್ಲಿ ಹಲವರಿಗೆ ಚಿತ್ರಕಲೆ, ಶಿಲ್ಪಕಲೆಗಳ ನೆನಪಾಗುವುದು ಸಹಜ. ಆದರೆ ಪುಣೆ, ಮುಂಬಯಿಗಳಲ್ಲಿ ನೆಲಸಿದ ನಮಗೆ ಆ ನಗರದೊಡನೆ ದೂರದ ಸಂಬಂಧವೊಂದು ಉಂಟು. ನಮ್ಮ ಗಡಿನಾಡಿನ ನೆರೆಯ ಕೊಲ್ಲಾಪುರದ ತರುಣ ಮಹಾರಾಜ ರಾಜಾರಾಮರು ಯುರೋಪಿನ ಪ್ರವಾಸದಿಂದ ಮರಳುವಾಗ, 1870ರ ನವೆಂಬರ್ 30ರಂದು, ಅಲ್ಲಿಯೇ ಕಾಲವಾದರು. ಅರ್ನೋ ನದಿಯನ್ನು ಮುನ್ಯೋನೆ ಎಂಬ ತೊರೆ ಕೂಡುವ ಸ್ಥಳದಲ್ಲಿ ಅವರ ದಹನಸಂಸ್ಕಾರ ನಡೆಯಿತು. 1978ರಲ್ಲಿ ಆ ಸಂಗಮದ ಬಳಿ ತಲೆಯೆತ್ತಿದ ಹೊಸ ಸೇತುವೆಗೆ ಭಾರತೀಯನ ಸೇತುವೆಯೆಂದೇ ಹೆಸರಾಯಿತು. ಅದೇ ಅರ್ನೋ ಕಣಿವೆಯಲ್ಲಿ, ಸೇತುವೆಯ ಹೆಸರನ್ನೇ ಹೊತ್ತ ಹಳ್ಳಿಯೊಂದರಲ್ಲಿ ಹುಟ್ಟಿ, ನದಿಗಳ ದಡದ ಹಾದಿಗಳಲ್ಲಿ ಸೈಕಲ್ ತುಳಿದೇ ಲೋಕಪ್ರಸಿದ್ಧರಾದ ಜೀನೊ ಬಾರ್ತಾಲಿಯವರ ಜೀವನವನ್ನು ಇಂದು ನಾವು ಸ್ಮರಿಸುತ್ತೇವೆ.

ಬಾರ್ತಾಲಿಯವರು 1914ನೇ ಇಸವಿ ಜುಲೈ 18ರಂದು ಫ್ಲಾರೆನ್ಸಿನ ದಕ್ಷಿಣಕ್ಕಿರುವ ಪೊಂತೆ ಆ ಎಮಾ ಎಂಬಲ್ಲಿ ಜನಿಸಿದರು. ಎಮಾ ಹೊಳೆಯ ಮೇಲಿನ ಸೇತುವೆ ಎಂಬುದೇ ಆ ಊರ ಹೆಸರಿನ ಅರ್ಥ. ತಂದೆ ತೊರೆಲ್ಲೊ ದಿನಗೂಲಿಯವರು. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ಬಡತನದ ಸಂಸಾರ. ನಗರದ ಶಾಲೆಗೆ ಹೋಗಿಬರಲೆಂದು ಕೈಗೆ ಬಂದ ಹಳೆಯ ಸೈಕಲ್ಲೇ ಬಾಲಕ ಜೀನೊವಿನ ಮೊದಲ ಸಂಪತ್ತಾಯಿತು. ಊರಿನ ಸೈಕಲ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಚಕ್ರ, ಸರಪಳಿ, ಕೊಳವೆಗಳ ಮರ್ಮವನ್ನೆಲ್ಲ ಆತ ಕಲಿತನು. ಸೈಕಲ್ಲಿನ ಚೌಕಟ್ಟು ಒಳಗೆ ಟೊಳ್ಳಾದ ಉಕ್ಕಿನ ಕೊಳವೆಗಳಿಂದಾದುದೆಂಬ ಸಾಮಾನ್ಯ ತಿಳಿವು ಮುಂದೊಂದು ದಿನ ಎಷ್ಟು ಜನರ ಪ್ರಾಣಕ್ಕೆ ಆಧಾರವಾದೀತೆಂದು ಆಗ ಯಾರೂ ಊಹಿಸಿರಲಾರರು.

1935ರಲ್ಲಿ ವೃತ್ತಿಪರ ಸವಾರರಾದ ಬಾರ್ತಾಲಿಯವರು ಮರುವರ್ಷವೇ ಇಟಲಿಯನ್ನು ಸುತ್ತುವ ಜಿರೊ ಸ್ಪರ್ಧೆಯನ್ನು ಗೆದ್ದರು. ಬೆಟ್ಟದ ಏರುದಾರಿಗಳಲ್ಲಿ ಅವರಿಗೆ ಸಮನಾದವರು ವಿರಳ. ಆದರೆ ವಿಜಯದ ಸಂತೋಷ ಬಹುಕಾಲ ನಿಲ್ಲಲಿಲ್ಲ. ಅದೇ 1936ರ ಜೂನ್ ತಿಂಗಳಲ್ಲಿ, ಅಣ್ಣನಂತೆಯೇ ಸ್ಪರ್ಧೆಗಳಿಗೆ ಇಳಿದಿದ್ದ ತಮ್ಮ ಜೂಲಿಯೊ ಪಂದ್ಯವೊಂದರಲ್ಲಿ ಮೋಟಾರು ಗಾಡಿಗೆ ಢಿಕ್ಕಿ ಹೊಡೆದು ಅಸುನೀಗಿದನು. ಸೈಕಲ್ಲನ್ನೇ ತ್ಯಜಿಸಬೇಕೆನ್ನುವಷ್ಟು ದುಃಖ ಬಾರ್ತಾಲಿಯವರನ್ನು ಆವರಿಸಿತು. ದೈವಭಕ್ತಿ ಅವರನ್ನು ಮತ್ತೆ ನಿಲ್ಲಿಸಿತು. ಅವರು ಸಂಸಾರಿಗಳಿಗೂ ತೆರೆದಿರುವ ಕಾರ್ಮೆಲೈಟ್ ಪಂಥದ ದೀಕ್ಷೆ ಪಡೆದು, ಪುನಃ ರಸ್ತೆಗಿಳಿದು, 1937ರಲ್ಲಿ ಎರಡನೆಯ ಬಾರಿ ಜಿರೊ ಗೆದ್ದರು.

ಅದೇ ವರ್ಷ ಅವರು ಮೊದಲ ಬಾರಿಗೆ ಟೂರ್ ಡಿ ಫ್ರಾನ್ಸ್ ಸ್ಪರ್ಧೆಗೆ ಹೋದರು. ಮುಂಚೂಣಿಯ ಸವಾರನು ಧರಿಸುವ ಹಳದಿ ಅಂಗಿ ಅವರ ಮೈಮೇಲಿತ್ತು. ಗ್ರೆನೋಬಲ್‌ನಿಂದ ಬ್ರಿಯಾಂಸೋನ್ ಕಡೆಗೆ ಸಾಗುವಾಗ ಮರದ ಕಿರುಸೇತುವೆಯೊಂದರ ಮೇಲೆ ಜೊತೆಗಾರನ ಸೈಕಲ್ ಜಾರಿತು. ಹಿಂದಿದ್ದ ಬಾರ್ತಾಲಿಯವರು ಕಟಾಂಜನಕ್ಕೆ ಬಡಿದು, ಕೆಳಗೆ ಮೊರೆಯುತ್ತಿದ್ದ ಹಿಮನದಿಯ ತಣ್ಣೀರಿಗೆ ಬಿದ್ದರು. ಸಂಗಡಿಗರು ಮೇಲಕ್ಕೆತ್ತಿದ ಬಳಿಕ ನೆನೆದ ಬಟ್ಟೆಯಲ್ಲೇ, ಗಾಯಗಳೊಡನೆ, ಆ ದಿನದ ಗುರಿಯನ್ನು ಮುಟ್ಟಿದರು. ಹಳದಿ ಅಂಗಿ ಆ ಸಂಜೆಗೆ ಉಳಿಯಿತಾದರೂ ಮುಂದೆ ದೇಹ ಸಹಕರಿಸಲಿಲ್ಲ. ಕೆಲವು ದಿನಗಳಲ್ಲಿ ಇಟಲಿಯ ಅಧಿಕಾರಿಗಳು ಅವರನ್ನು ಸ್ಪರ್ಧೆಯಿಂದ ಹಿಂದಕ್ಕೆ ಕರೆಸಿಕೊಂಡರು. 1938ರಲ್ಲಿ ಅವರು ಮರಳಿ ಹೋಗಿ ಆ ಸ್ಪರ್ಧೆಯನ್ನು ಗೆದ್ದೇ ಬಂದರು. ಮುಸೊಲಿನಿಯ ಸರಕಾರವು ಕ್ರೀಡೆಯ ಪ್ರತಿಯೊಂದು ಜಯವನ್ನೂ ತನ್ನ ಆಡಳಿತದ ಜಯವೆಂದು ಸಾರುತ್ತಿದ್ದ ಕಾಲವದು. ಬಾರ್ತಾಲಿಯವರು ಮಾತ್ರ ಆ ಭಜನೆಗೆ ದನಿಗೂಡಿಸಲಿಲ್ಲ.

1940ರ ಜಿರೊ ಸ್ಪರ್ಧೆಯಲ್ಲಿ ಬಿದ್ದು ಗಾಯಗೊಂಡ ಅವರು ತಮ್ಮದೇ ತಂಡದ ಇಪ್ಪತ್ತರ ತರುಣ ಫಾವ್ಸ್ತೊ ಕೊಪ್ಪಿಯ ಗೆಲುವಿಗೆ ಬೆಂಬಲವಾಗಿ ನಿಂತರು. ಸ್ಪರ್ಧೆ ಮುಗಿದ ಮರುದಿನವೇ, ಜೂನ್ 10ರಂದು, ಇಟಲಿಯು ಮಹಾಯುದ್ಧವನ್ನು ಪ್ರವೇಶಿಸಿತು. ಅದೇ ನವೆಂಬರಿನಲ್ಲಿ ಫ್ಲಾರೆನ್ಸಿನ ಧರ್ಮಾಧ್ಯಕ್ಷ ಕಾರ್ಡಿನಲ್ ಎಲಿಯ ದಲ್ಲಾ ಕೋಸ್ತ ಅವರು ಬಾರ್ತಾಲಿಯವರಿಗೂ ಅದ್ರಿಯಾನಾ ಬಾನಿಯವರಿಗೂ ವಿವಾಹ ನೆರವೇರಿಸಿದರು. 1941ರಲ್ಲಿ ಮೊದಲ ಮಗ ಹುಟ್ಟಿದನು. ಜಿರೊ ಸ್ಪರ್ಧೆ 1946ರವರೆಗೂ, ಟೂರ್ ಡಿ ಫ್ರಾನ್ಸ್ 1947ರವರೆಗೂ ಮತ್ತೆ ನಡೆಯಲಿಲ್ಲ. ಸವಾರನೊಬ್ಬನ ಬಲ ತುಂಬಿ ಹರಿಯುವ ವರ್ಷಗಳೆಲ್ಲ ಯುದ್ಧದ ಪಾಲಾದವು.

1943ರ ಸೆಪ್ಟೆಂಬರ್ 8ರಂದು ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾದುದು ಪ್ರಕಟವಾಯಿತು. ಒಡನೆಯೇ ಜರ್ಮನ್ ಸೈನ್ಯವು ಉತ್ತರ ಮತ್ತು ಮಧ್ಯ ಇಟಲಿಯನ್ನು ಆಕ್ರಮಿಸಿ ಯಹೂದಿಗಳನ್ನು ಹಿಡಿದು ಮರಣಶಿಬಿರಗಳಿಗೆ ಸಾಗಿಸತೊಡಗಿತು. ಫ್ಲಾರೆನ್ಸಿನಲ್ಲಿ ಯಹೂದಿ ಧರ್ಮಗುರು ನಾತಾನ್ ಕಸ್ಸೂತೊ ಮತ್ತು ಕಾರ್ಡಿನಲ್ ದಲ್ಲಾ ಕೋಸ್ತ ಜೊತೆಗೂಡಿ, ಮಠಗಳಲ್ಲೂ ಮನೆಗಳಲ್ಲೂ ನಿರಾಶ್ರಿತರನ್ನು ಅಡಗಿಸುವ ಗುಪ್ತ ವ್ಯವಸ್ಥೆಯೊಂದನ್ನು ನಡೆಸಿದರು. ಆದರೆ ಅಡಗುತಾಣವೊಂದೇ ಸಾಲದು. ಬೀದಿಯಲ್ಲಿ ತಡೆದು ಕೇಳಿದಾಗ ತೋರಿಸಲು ಗುರುತಿನ ಚೀಟಿಯೂ ಬೇಕು. ಅಸ್ಸೀಸಿ ಪಟ್ಟಣದಲ್ಲಿ ಬಿಷಪ್ ನಿಕೊಲೀನಿಯವರ ಆಶ್ರಯದಲ್ಲಿ ಲುಯಿಜಿ ಬ್ರಿತ್ಸಿ ಎಂಬ ಮುದ್ರಕರು ಅಂಥ ಸುಳ್ಳು ಚೀಟಿಗಳನ್ನು ಅಚ್ಚುಮಾಡುತ್ತಿದ್ದರು. ಚೀಟಿಯಲ್ಲಿ ದಕ್ಷಿಣ ಇಟಲಿಯ ಊರುಗಳ ಹೆಸರಿರುತ್ತಿತ್ತು. ಆ ಭಾಗವು ಆಗಲೇ ಮಿತ್ರರಾಷ್ಟ್ರಗಳ ಕೈಸೇರಿದ್ದುದರಿಂದ ಅಲ್ಲಿಗೆ ಬರೆದು ವಿಚಾರಿಸಲು ಜರ್ಮನರಿಗೆ ಸಾಧ್ಯವಿರಲಿಲ್ಲ. ಉಳಿದುದು ಒಂದೇ ತೊಡಕು: ಫ್ಲಾರೆನ್ಸಿನಿಂದ ಭಾವಚಿತ್ರಗಳನ್ನು ಅಸ್ಸೀಸಿಗೆ ಒಯ್ಯಬೇಕು, ಸಿದ್ಧವಾದ ಚೀಟಿಗಳನ್ನು ಮರಳಿ ತರಬೇಕು.

ಆ ಕೆಲಸವನ್ನು ಕಾರ್ಡಿನಲ್ಲರ ಕೋರಿಕೆಯ ಮೇರೆಗೆ ಬಾರ್ತಾಲಿಯವರು ಕೈಗೊಂಡರೆಂದು ಆ ಗುಪ್ತ ಕಾರ್ಯದಲ್ಲಿದ್ದವರ ಮತ್ತು ಉಳಿದುಬಂದವರ ಸಾಕ್ಷ್ಯಗಳು ಹೇಳುತ್ತವೆ. ಸೈಕಲ್ಲಿನ ಆಸನವನ್ನು ಕಳಚಿ, ಕಾಗದಗಳನ್ನು ಸುರುಳಿ ಸುತ್ತಿ ಟೊಳ್ಳು ಕೊಳವೆಯೊಳಗಿಟ್ಟು, ಆಸನವನ್ನು ಮರಳಿ ಬಿಗಿದರೆ ಹೊರಗೆ ಯಾವ ಗುರುತೂ ಕಾಣದು. ಚಾಂಪಿಯನ್ ಸವಾರನು ಅಭ್ಯಾಸಕ್ಕಾಗಿ ನೂರಾರು ಕಿಲೋಮೀಟರ್ ತುಳಿಯುವುದರಲ್ಲಿ ಯಾರಿಗೂ ಸಂಶಯ ಬರುವಂತಿರಲಿಲ್ಲ. ಕಾವಲುಗಾರರು ತಡೆದಲ್ಲಿ ಅವರ ಹೆಸರೇ ರಹದಾರಿಯಾಗುತ್ತಿತ್ತು.

ಫ್ಲಾರೆನ್ಸಿನಿಂದ ಅಸ್ಸೀಸಿಗೆ ಒಂದು ದಿಕ್ಕಿಗೇ 170 ಕಿಲೋಮೀಟರಿಗೆ ಕಡಿಮೆಯಿಲ್ಲ. ಹಾದಿಯು ಮೊದಲು ಅರ್ನೋ ಕಣಿವೆಯನ್ನು ಹಿಡಿದು ಅರೆತ್ಸೊ ನಗರದತ್ತ ಸಾಗುತ್ತದೆ. ಅಲ್ಲಿ ಸಮೀಪದಲ್ಲೇ ಬುರಿಯಾನೊ ಎಂಬಲ್ಲಿ ಹದಿಮೂರನೆಯ ಶತಮಾನದ ಏಳು ಕಮಾನುಗಳ ಕಲ್ಲಿನ ಸೇತುವೆ ಇಂದಿಗೂ ಅರ್ನೋ ನದಿಯ ಮೇಲೆ ನಿಂತಿದೆ. ಮುಂದೆ ಕ್ಯಾನಾ ಬಯಲು, ತ್ರಾಸಿಮೇನೊ ಸರೋವರದ ದಂಡೆ, ಪೆರೂಜ ಬೆಟ್ಟ. ಅದನ್ನಿಳಿದರೆ ಸಂತ ಯೋಹಾನನ ಸೇತುವೆ ಎಂಬ ಹೆಸರಿನ ಊರಿನಲ್ಲಿ ತೀಬರ್ ನದಿಯನ್ನು ದಾಟಬೇಕು. ಆ ಬಳಿಕವೇ ಅಸ್ಸೀಸಿ. ಕಣಿವೆಯ ದಾರಿಯಲ್ಲಿ ಸೇತುವೆಯನ್ನು ತಪ್ಪಿಸಿ ಹೋಗಲಾಗದು. ಆದುದರಿಂದಲೇ ಯುದ್ಧಕಾಲದಲ್ಲಿ ಕಾವಲು ಇಡುವುದೂ ಸೇತುವೆಗಳ ಬಾಯಲ್ಲೇ. ಬೆಟ್ಟಗಳಿಗೆ ಅಂಜದ ಸವಾರನು ಸಮತಟ್ಟಾದ ಸೇತುವೆಯ ಮುಂದೆ ಎದೆ ಬಿಗಿಹಿಡಿಯಬೇಕಾದ ಪ್ರಯಾಣವಿದು. ಕೊಳವೆಯೊಳಗಿನ ಸುರುಳಿ ಒಮ್ಮೆ ಹೊರಬಿದ್ದಿದ್ದರೆ ಅವರ ಜೀವವಷ್ಟೇ ಅಲ್ಲ, ಚಿತ್ರಗಳಲ್ಲಿದ್ದವರೆಲ್ಲರ ಜೀವವೂ ಹೋಗುತ್ತಿತ್ತು.

ಗೋಲ್ಡನ್‌ಬರ್ಗ್ ಎಂಬ ಯಹೂದಿ ಕುಟುಂಬವೊಂದನ್ನು ಬಾರ್ತಾಲಿಯವರು ಫ್ಲಾರೆನ್ಸಿನಲ್ಲಿ ನೆಲಮಾಳಿಗೆಯೊಂದರಲ್ಲಿ ಅಡಗಿಸಿ ಕಾಪಾಡಿದರು. ಅವರನ್ನು ಒಮ್ಮೆ ಫ್ಯಾಸಿಸ್ಟ್ ಪಡೆಯವರು ಹಿಂಸೆಗೆ ಹೆಸರಾಗಿದ್ದ ತಮ್ಮ ಠಾಣ್ಯಕ್ಕೆ ಕರೆಸಿ ವಿಚಾರಣೆ ನಡೆಸಿದ್ದೂ ಉಂಟು. 1944ರ ಆಗಸ್ಟ್ 3ರ ರಾತ್ರಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ಫ್ಲಾರೆನ್ಸಿನ ಸೇತುವೆಗಳನ್ನು ಸಿಡಿಸತೊಡಗಿತು. 1345ರ ಪೊಂತೆ ವೆಕ್ಕಿಯೊ ಒಂದೇ ಉಳಿಯಿತು. ಹದಿನಾರನೆಯ ಶತಮಾನದಲ್ಲಿ ಶಿಲ್ಪಿ ಅಮ್ಮನಾತಿ ಕಟ್ಟಿದ ಸಾಂತಾ ತ್ರಿನಿತಾ ಸೇತುವೆಯೂ ನೀರುಪಾಲಾಯಿತು. ನಾಗರಿಕರು ನದಿಯ ತಳದಿಂದ ಅದರ ಕಲ್ಲುಗಳನ್ನು ಎತ್ತಿಸಿ, ಮೊದಲಿನ ರೂಪದಲ್ಲೇ ಮರಳಿ ಕಟ್ಟಿಸಿ, 1958ರಲ್ಲಿ ತೆರೆದರು.

ಯುದ್ಧಾನಂತರ ಬಾರ್ತಾಲಿಯವರು 1946ರಲ್ಲಿ ಮೂರನೆಯ ಬಾರಿ ಜಿರೊ ಗೆದ್ದರು. 1948ರ ಟೂರ್ ಡಿ ಫ್ರಾನ್ಸ್‌ನಲ್ಲಿ ಅವರು ಮುಂಚೂಣಿಯ ಲೂಯಿಸೋನ್ ಬೊಬೆಗಿಂತ 21 ನಿಮಿಷಗಳಿಗೂ ಹೆಚ್ಚು ಹಿಂದಿದ್ದರು. ಜುಲೈ 14ರಂದು ರೋಮಿನಲ್ಲಿ ಕಮ್ಯುನಿಸ್ಟ್ ನಾಯಕ ತೊಗ್ಲಿಯಾತ್ತಿಯವರ ಮೇಲೆ ಗುಂಡು ಹಾರಿ, ದೇಶವು ಅಂತಃಕಲಹದ ಅಂಚಿಗೆ ಬಂದು ನಿಂತಿತು. ಮರುದಿನ ಬಾರ್ತಾಲಿಯವರು ಆಲ್ಪ್ಸ್ ಪರ್ವತದ ಅಲೋಸ್, ವಾರ್, ಇಜೋವಾರ್ ಘಟ್ಟಗಳನ್ನು ದಾಟಿ ಬ್ರಿಯಾಂಸೋನ್‌ಗೆ ಮೊದಲಿಗರಾಗಿ ಬಂದರು. ಹನ್ನೊಂದು ವರ್ಷಗಳ ಹಿಂದೆ ಹೊಳೆಗೆ ಬಿದ್ದು ನೆನೆದ ಬಟ್ಟೆಯಲ್ಲಿ ಮುಟ್ಟಿದ್ದ ಊರದು. ಆ ಮರುದಿನವೂ ಗೆದ್ದು ಹಳದಿ ಅಂಗಿ ಧರಿಸಿದರು. ಇಟಲಿಯನ್ನು ಅವರ ಜಯವೇ ಶಾಂತಗೊಳಿಸಿತೆಂಬ ಮಾತು ಜನಜನಿತವಾಗಿದೆ. ಗಾಯಗೊಂಡ ತೊಗ್ಲಿಯಾತ್ತಿಯವರೇ ತಮ್ಮವರಿಗೆ ಶಾಂತಿಯನ್ನು ಬೋಧಿಸಿದರೆಂಬುದನ್ನೂ ನಾವು ಮರೆಯಬಾರದು. ಮೊದಲ ಗೆಲುವಿನ ಹತ್ತು ವರ್ಷಗಳ ನಂತರ ಎರಡನೆಯ ಬಾರಿ ಆ ಸ್ಪರ್ಧೆಯನ್ನು ಗೆದ್ದಾಗ ಅವರ ವಯಸ್ಸು 34.

1954ರಲ್ಲಿ ನಿವೃತ್ತರಾದ ಬಾರ್ತಾಲಿಯವರು ಮಾತಿನಲ್ಲಿ ಒರಟರು. ಎಲ್ಲದರ ಬಗೆಗೂ ಗೊಣಗುವವರೆಂದು ಹೆಸರಾದವರು. ಆದರೆ ಯುದ್ಧಕಾಲದ ಸವಾರಿಗಳ ಬಗ್ಗೆ ಮಾತ್ರ ಬಾಯಿ ತೆರೆಯಲಿಲ್ಲ. ಮಗ ಆಂದ್ರೆಯನಿಗೆ ತಿಳಿಸಿದುದೂ ಯಾರಿಗೂ ಹೇಳಕೂಡದೆಂಬ ನಿಬಂಧನೆಯ ಮೇಲೆ. 2000ದ ಮೇ 5ರಂದು ಅವರು ತೀರಿಕೊಂಡರು. ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯು ಸಾಕ್ಷ್ಯಗಳನ್ನು ಪರಿಶೀಲಿಸಿ, 2013ರಲ್ಲಿ, ಯಹೂದಿಗಳ ಪ್ರಾಣ ಉಳಿಸಿದ ಅನ್ಯಧರ್ಮೀಯ ಸತ್ಪುರುಷರ ಸಾಲಿನಲ್ಲಿ ಅವರ ಹೆಸರನ್ನು ಸೇರಿಸಿತು. ಗುಟ್ಟಿನ ಕೆಲಸ ದಾಖಲೆಗಳನ್ನು ಉಳಿಸುವುದಿಲ್ಲ; ಅಸ್ಸೀಸಿಯ ಸವಾರಿಗಳ ಬಗೆಗೆ ಇತಿಹಾಸಕಾರರಲ್ಲಿ ಈಚೆಗೆ ವಾದವಿವಾದಗಳೂ ನಡೆದಿವೆ. ಆದರೂ ನೆಲಮಾಳಿಗೆಯಿಂದ ಜೀವಂತವಾಗಿ ಹೊರಬಂದ ಆ ಕುಟುಂಬದ ಮಗನು ವೃದ್ಧಾಪ್ಯದಲ್ಲಿ ನುಡಿದ ಸಾಕ್ಷ್ಯವೇ ಅವರ ಹಿರಿಮೆಯನ್ನು ಸಾರಲು ಸಾಕು.

ತಾನು ಮಾಡಿದ ಉಪಕಾರವನ್ನು ತಾನೇ ಡಂಗುರ ಹೊಡೆಯಬಾರದೆಂಬುದು ನಮ್ಮ ಹಿರಿಯರೂ ಹೇಳಿಕೊಟ್ಟ ಪಾಠ. ಬಾರ್ತಾಲಿಯವರು ಗೆದ್ದ ಬಹುಮಾನಗಳು ಪೊಂತೆ ಆ ಎಮಾದ ವಸ್ತುಸಂಗ್ರಹಾಲಯದ ನೆನಪುಗಳಾಗಿವೆ. ಅವರು ದಾಟಿದ ಸೇತುವೆಗಳ ಮೇಲೆ ಇಂದು ತರುಣರು ನಿರ್ಭಯವಾಗಿ ಸೈಕಲ್ ಓಡಿಸುತ್ತಾರೆ. ಆ ನಿರ್ಭಯತೆ ಒಂದು ಕಾಲಕ್ಕೆ ಎಷ್ಟು ದುಬಾರಿಯಾಗಿತ್ತೆಂಬುದನ್ನು ನಮ್ಮ ತರುಣರೂ ಅರಿತಿರಲಿ ಎಂಬುದೇ ನಮ್ಮ ಆಶಯ.