ಮಳೆಯ ಲೆಕ್ಕವನ್ನಳೆದ ಮಹನೀಯರು

ಮಲೆನಾಡಿನ ಕಾನನಗಳಲ್ಲಿ ಸುರಿದ ಮಳೆಯು ಕೆಲವು ದಿನಗಳ ತರುವಾಯ ನಮ್ಮ ಬುಕ್ಕಸಾಗರದ ಬಳಿ ತುಂಗಭದ್ರೆಯ ಕೆನ್ನೀರಾಗಿ ಹರಿಯುವುದನ್ನು ಈ ಭಾಗದ ರೈತರು ತಲೆಮಾರುಗಳಿಂದ ಕಂಡವರೇ. ಆದರೆ ಬಿದ್ದ ಮಳೆಯಲ್ಲಿ ನೆಲ ಕುಡಿದುದೆಷ್ಟು, ಹೊಳೆಗಿಳಿದುದೆಷ್ಟು? ಒಂದು ಮಹಾನಗರದ ಪ್ರಾಣವೇ ಈ ಪ್ರಶ್ನೆಗೆ ಅಂಟಿಕೊಂಡಿದ್ದಾಗ ಉತ್ತರವನ್ನರಸಿ ಹೊರಟವರು ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ವ್ಯಾಸಂಗ ಮುಂದುವರಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದ ವೃತ್ತಾಂತವು ಸರ್ವವಿದಿತ. ಕನ್ನಂಬಾಡಿಯನ್ನು ಕುರಿತು ಬರೆದವರೂ ಬಹಳ ಮಂದಿ. ನನಗೆ ಅದಕ್ಕಿಂತ ಹಿಂದಿನ ಕೆಲವೇ ತಿಂಗಳುಗಳು ಹೆಚ್ಚು ಸ್ಮರಣಾರ್ಹವೆನಿಸುತ್ತವೆ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿಯು ಉಕ್ಕಿ ಸಹಸ್ರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಮುಚುಕುಂದೆಯೆಂಬ ಪುರಾತನ ನಾಮವುಳ್ಳ ಈ ನದಿ ಬೇಸಗೆಯಲ್ಲಿ ಸಣ್ಣ ತೊರೆಯಂತಿರುವುದೆಂದರೆ ನಂಬುವವರಾರು! ಆಗತಾನೇ ಸೇವೆಯಿಂದ ನಿವೃತ್ತರಾಗಿ ಯೂರೋಪಿನ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರಕಾರದಿಂದ ಕರೆ ಬಂದಿತು. 1909ರಲ್ಲಿ ಅವರು ಅನಂತಗಿರಿಯ ಕಾಡುಗುಡ್ಡಗಳಿಂದ ನಗರದವರೆಗೆ ಹಬ್ಬಿದ ಸುಮಾರು 860 ಚದರ ಮೈಲಿಗಳ ಜಲಾನಯನ ಪ್ರದೇಶವನ್ನು ಶೋಧಿಸಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ಪ್ರವಾಹವು ಪರಾಕಾಷ್ಠೆಯಲ್ಲಿ ಸೆಕೆಂಡಿಗೆ 4,25,000 ಘನ ಅಡಿಗಳಷ್ಟಿತ್ತೆಂಬ ಅಂದಾಜು ದೊರೆಯಿತು.

ಒಂದು ಎಕರೆಯ ಮೇಲೆ ಗಂಟೆಗೆ ಒಂದು ಅಂಗುಲದಂತೆ ಬಿದ್ದ ಮಳೆ ಇಂಗದೆ ಹರಿದರೆ ಸೆಕೆಂಡಿಗೆ ಒಂದು ಘನ ಅಡಿ ನೀರಾಗುತ್ತದೆ. ಈ ಸೂತ್ರದಿಂದ ನೋಡಿದರೆ, ಒಡೆದ ಕೆರೆಗಳ ನೀರೂ ಸೇರಿ, ಅಂದು ಎಕರೆಯೊಂದಕ್ಕೆ ಗಂಟೆಗೆ ಮುಕ್ಕಾಲು ಅಂಗುಲಕ್ಕೂ ತುಸು ಮಿಗಿಲಾಗಿ ಹರಿದಂತಾಯಿತು. ತರಗೆಲೆ ಹಾಸಿದ ಕಾಡಿನ ನೆಲವು ಮೊದಲ ಮಳೆಯನ್ನು ಹೀರಿ, ನಿಧಾನವಾಗಿ ಬಿಟ್ಟುಕೊಡುತ್ತದೆ. ನೆನೆದು ತಣಿದ ಮೇಲೆ ಅದೂ ಹೆಚ್ಚು ತಡೆಯಲಾರದು. ಆದಕಾರಣ ಸಾಧಾರಣ ವರ್ಷದ ಅನುಪಾತವನ್ನೇ ನಂಬಿ ಮಹಾವೃಷ್ಟಿಗೆ ಕಟ್ಟೆ ಕಟ್ಟಲಾಗದು.

ನಗರದ ಮೇಲ್ಗಡೆ ನೆರೆಯನ್ನು ತಡೆದು ನಿಲ್ಲಿಸುವ ಎರಡು ಜಲಾಶಯಗಳಾಗಬೇಕೆಂದು ಅವರು ವರದಿಯಿತ್ತರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ವಿಶ್ವೇಶ್ವರಯ್ಯನವರಾದರೋ 1909ರ ನವೆಂಬರಿನಲ್ಲಿಯೇ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ಬಂದು, 1912ರಲ್ಲಿ ದಿವಾನರಾದರು. ನಮ್ಮ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗ ಅವರಿನ್ನೂ ಬದುಕಿದ್ದರು, ಕೀರ್ತಿಶೇಷರಾದುದು 1962ರಲ್ಲಿ.