ಕುದುರೆಗೆ ಲೆಕ್ಕ ಕಲಿಸಿದ ಅರಸ

ಚದುರಂಗದಲ್ಲಿ ಏಕಕಾಲಕ್ಕೆ ಎರಡು ಕಾಯಿಗಳಿಂದ ಚೆಕ್ ಬಿದ್ದರೆ ಅಡ್ಡಕಾಯಿ ಇಟ್ಟು ಫಲವಿಲ್ಲ. ರಾಜನೇ ಮನೆ ಬಿಟ್ಟು ಸರಿಯಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ 1831ರಲ್ಲಿ ಒದಗಿದ್ದು ಇಂಥದೇ ಇಕ್ಕಟ್ಟು. ಒಂದೆಡೆ ನಗರ ಪ್ರಾಂತ್ಯದ ರೈತರ ದಂಗೆ, ಇನ್ನೊಂದೆಡೆ ಈಸ್ಟ್ ಇಂಡಿಯಾ ಕಂಪನಿಯ ಒತ್ತಡ. ದಂಗೆಯನ್ನೇ ನೆಪವಾಗಿಸಿಕೊಂಡ ಕಂಪನಿ ಆಡಳಿತವನ್ನು ಕಸಿದುಕೊಂಡಿತು.

1794ರಲ್ಲಿ ಜನಿಸಿದ ಒಡೆಯರ್, ಟಿಪ್ಪು ಸುಲ್ತಾನನ ಪತನಾನಂತರ 1799ರಲ್ಲಿ, ಬಾಲ್ಯದಲ್ಲೇ ಪಟ್ಟವೇರಿದ್ದರು. ಅವರು ಪ್ರಾಯಕ್ಕೆ ಬರುವವರೆಗೆ ರಾಜ್ಯಭಾರ ನಡೆಸಿದವರು ದಿವಾನ್ ಪೂರ್ಣಯ್ಯ. 1831ರ ತರುವಾಯ ಅಧಿಕಾರ ಬೆಂಗಳೂರಿನ ಕಮಿಷನರರ ಪಾಲಾಯಿತು. 1834ರಿಂದ 1861ರವರೆಗೆ ಆ ಹುದ್ದೆಯಲ್ಲಿದ್ದ ಮಾರ್ಕ್ ಕಬ್ಬನ್, ಹೆಬ್ಬಾಳ, ಯಲಹಂಕಗಳ ಆಚೆಯ ನಂದಿಬೆಟ್ಟದಲ್ಲಿ ಬೇಸಿಗೆ ಬಂಗಲೆ ಹೊಂದಿದ್ದರು. ಅರಸರಿಗೆ ಉಳಿದದ್ದು ಮೈಸೂರಿನ ಅರಮನೆ, ಬಿರುದು ಮತ್ತು ವಿದ್ವಾಂಸರ ಸಹವಾಸ.

ತಾನು ಕದಲಿದರೆ ರಾಜನಿಗೆ ಚೆಕ್ ಬೀಳುವಂತಿರುವ ಕಾಯಿಯನ್ನು ಆಟಗಾರರು 'ಪಿನ್' ಆದ ಕಾಯಿ ಎನ್ನುತ್ತಾರೆ. ಆನೆ, ಒಂಟೆಗಳಿಗೆ ಆಗಲೂ ಕೆಲವೊಮ್ಮೆ ಅದೇ ಸಾಲಿನಲ್ಲಿ ಸರಿಯಲು ಎಡೆಯುಂಟು. ಕುದುರೆಗೆ ಮಾತ್ರ ಒಂದೂ ನಡೆಯಿಲ್ಲ. ಅಧಿಕಾರವಿಲ್ಲದ ಅರಸರನ್ನು ಬಹುವಾಗಿ ಸೆಳೆದದ್ದು ಆ ಕುದುರೆಯೇ.

ಹಲಗೆಯ ಪ್ರತಿ ಮನೆಯನ್ನೂ ಕುದುರೆ ಒಮ್ಮೆ ಮಾತ್ರ ಮುಟ್ಟಿ ಬರಬೇಕೆಂಬ ಸಮಸ್ಯೆ ಬಹು ಪ್ರಾಚೀನವಾದುದು. ಒಡೆಯರ್ ಇಂಥ ಹಲವು ಸಂಚಾರಗಳನ್ನು ರಚಿಸಿದರು. ಅವುಗಳಲ್ಲೊಂದು 12 ಸಾಲು, 12 ಕಂಬಗಳ ಹಲಗೆಯದು. ಕುದುರೆ ಇಳಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 144ರವರೆಗೆ ಅಂಕಿ ಬರೆದರೆ, ಪ್ರತಿ ಸಾಲಿನ ಹಾಗೂ ಪ್ರತಿ ಕಂಬಸಾಲಿನ ಮೊತ್ತ 870! ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ 'ಕೌತುಕನಿಧಿ' ಆಟಗಳಿಗೂ ಸ್ಥಾನ ನೀಡಿತು.

ಆದರೆ ರಾಜ್ಯದ ಚಿಂತೆ ಅವರನ್ನು ಬಿಡಲಿಲ್ಲ. ಉತ್ತರಾಧಿಕಾರಿಯಾಗಬಲ್ಲ ಪುತ್ರರಿಲ್ಲದ್ದರಿಂದ ತಮ್ಮ ಕಾಲಾನಂತರ ಮೈಸೂರು ಬ್ರಿಟಿಷರ ಪ್ರಾಂತ್ಯಗಳಲ್ಲಿ ಲೀನವಾಗುವ ಭೀತಿಯಿತ್ತು. 1865ರಲ್ಲಿ ಅವರು ಬಾಲಕ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಮೊದಲು ಒಪ್ಪದ ಬ್ರಿಟಿಷ್ ಸರ್ಕಾರ, ಸತತ ಮನವಿಗಳ ತರುವಾಯ 1867ರಲ್ಲಿ ಮಣಿಯಿತು. ಮರುವರ್ಷ, 1868ರ ಮಾರ್ಚ್‌ನಲ್ಲಿ ಒಡೆಯರ್ ನಿಧನರಾದರು.

37 ವರ್ಷ ಕಾದರೂ ಅಧಿಕಾರ ಅವರ ಕೈಗೆ ಮರಳಲಿಲ್ಲ. 1881ರಲ್ಲಿ ಅದನ್ನು ಮರಳಿ ಪಡೆದವರು ಅವರ ದತ್ತುಪುತ್ರ ಚಾಮರಾಜೇಂದ್ರ.