ಟ್ರಾಕ್ಟರಿಗೆ ಮೂರು ತೋಳು ಕೊಟ್ಟ ಹ್ಯಾರಿ ಫರ್ಗುಸನ್

ಟ್ರಾಕ್ಟರನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅದರ ಹಿಂದೆ ನೇಗಿಲನ್ನು ಹಿಡಿದಿರುವ ಮೂರು ಕಬ್ಬಿಣದ ತೋಳುಗಳನ್ನು ಗಮನವಿಟ್ಟು ನೋಡಿದವರು ಕಡಿಮೆ. ಕೆಳಗೆ ಎರಡು, ಮೇಲೆ ಒಂದು. ಎಷ್ಟೋ ರೈತರ ಪ್ರಾಣ ಉಳಿಸಿದ ಈ ಜೋಡಣೆಯನ್ನು ರೂಪಿಸಿದವರು ಹ್ಯಾರಿ ಫರ್ಗುಸನ್.

ಅವರು 1884ರ ನವೆಂಬರ್ 4ರಂದು ಐರ್ಲೆಂಡಿನ ಡ್ರೋಮೋರ್ ಊರಿನ ಬಳಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಹನ್ನೊಂದು ಮಕ್ಕಳಲ್ಲಿ ನಾಲ್ಕನೆಯವರು. 14ನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಹೊಲದಲ್ಲಿ ದುಡಿದರು. ಆ ಕೆಲಸ ಅವರಿಗೆ ಒಗ್ಗಲಿಲ್ಲ. 1902ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿದ್ದ ಅಣ್ಣನ ಸೈಕಲ್ ಮತ್ತು ಮೋಟಾರು ರಿಪೇರಿ ಅಂಗಡಿಗೆ ಸೇರಿಕೊಂಡರು. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನದಲ್ಲಿ ಸುಮಾರು 130 ಗಜ ಹಾರಿ, ಐರ್ಲೆಂಡಿನಲ್ಲಿ ವಿಮಾನ ಹಾರಿಸಿದವರಲ್ಲಿ ಮೊದಲಿಗರಾದರು. ಹೊಲ ಬಿಟ್ಟು ಆಕಾಶಕ್ಕೇರಿದ ಈ ತರುಣ ಮತ್ತೆ ಹೊಲಕ್ಕೇ ಮರಳಿದ್ದು ಒಂದು ಸೋಜಿಗ.

ಅದು ಮೊದಲ ಮಹಾಯುದ್ಧದ ಕಾಲ. 1917ರಲ್ಲಿ ಟ್ರಾಕ್ಟರುಗಳ ಬಳಕೆಯನ್ನು ಸುಧಾರಿಸುವ ಹೊಣೆಯನ್ನು ಸರಕಾರ ಅವರಿಗೆ ಒಪ್ಪಿಸಿತು. ಆಗಿನ ಟ್ರಾಕ್ಟರು ಎತ್ತಿನಂತೆ ನೇಗಿಲನ್ನು ಹಿಂದೆ ಕಟ್ಟಿಕೊಂಡು ಎಳೆಯುತ್ತಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರಗಳು ಕದಲದೆ ನಿಲ್ಲುತ್ತಿದ್ದವು. ಇಂಜಿನ್ನಿನ ಬಲವೆಲ್ಲ ಮೂತಿಯನ್ನು ಮೇಲೆತ್ತುತ್ತಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಟ್ರಾಕ್ಟರು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಏರಿನಲ್ಲಂತೂ ಈ ಅಪಾಯ ಇನ್ನೂ ಹೆಚ್ಚು.

ಫರ್ಗುಸನ್ನರು ಸಂಗಡಿಗರೊಡನೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ನೇಗಿಲೂ ಟ್ರಾಕ್ಟರೂ ಸೇರಿ ಒಂದೇ ಯಂತ್ರವಾಗಬೇಕೆಂಬುದು ಅವರ ವಿಚಾರ. ಮೂರು ತೋಳುಗಳಿಂದ ಜೋಡಿಸಿದಾಗ ಮಣ್ಣು ತಡೆದಷ್ಟೂ ಮೇಲಿನ ತೋಳು ಮುಂದಕ್ಕೆ ಒತ್ತಿ, ಮುಂದಿನ ಚಕ್ರಗಳು ನೆಲ ಬಿಡದಂತೆ ಮಾಡುತ್ತದೆ. ಎಣ್ಣೆಯ ಒತ್ತಡದಿಂದ ನೇಗಿಲು ಏರಿಳಿಯುತ್ತದೆ. ಬಂಡೆ ಅಡ್ಡ ಬಂದರೆ ಹಿಂದಿನ ಚಕ್ರಗಳ ಮೇಲಿನ ಭಾರ ಇಳಿದು ಅವು ನಿಂತಲ್ಲೇ ತಿರುಗುತ್ತವೆ. ಹೀಗಾಗಿ ಟ್ರಾಕ್ಟರು ಹಗುರವಾಗಿಯೂ ಚಿಕ್ಕದಾಗಿಯೂ ಇರಬಹುದಾಯಿತು.

1938ರಲ್ಲಿ ಅಮೆರಿಕದ ಹೆನ್ರಿ ಫೋರ್ಡರೊಡನೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಫೋರ್ಡರ ಮೊಮ್ಮಗನ ಕಾಲದಲ್ಲಿ ಅದು ಮುರಿಯಿತು. ಮೊಕದ್ದಮೆ 1952ರಲ್ಲಿ 92.5 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಕಾಗದ ಪತ್ರವಿಲ್ಲದೆ ಇಷ್ಟು ದೊಡ್ಡ ವ್ಯವಹಾರಕ್ಕೆ ಕೈಹಾಕಬಾರದಿತ್ತು ಎಂದೇ ನಮಗನಿಸುತ್ತದೆ. ಅಷ್ಟರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವರ ಬೂದು ಬಣ್ಣದ ಪುಟ್ಟ ಟ್ರಾಕ್ಟರು ತಯಾರಾಗುತ್ತಿತ್ತು. 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ಹೊರಬಂದವು. ಅದಕ್ಕೆ ಹುಲ್ಲು ಕೊಯ್ಯುವ ಯಂತ್ರವನ್ನೂ ಜೋಡಿಸಬಹುದಿತ್ತು.

ಆದರೆ ಮೂರು ತೋಳುಗಳು ತಡೆದದ್ದು ಹಿಂದಕ್ಕೆ ಮಗುಚುವುದನ್ನು, ಪಕ್ಕಕ್ಕೆ ಉರುಳುವುದನ್ನಲ್ಲ. ಗುಡ್ಡದ ಇಳಿಜಾರಿನಲ್ಲಿ ಅಡ್ಡಡ್ಡಲಾಗಿ ಹುಲ್ಲು ಕೊಯ್ಯುವಾಗ ಮೇಲಿನ ಚಕ್ರ ಕಲ್ಲು ಹತ್ತಿದರೆ, ಇಲ್ಲವೆ ಕೆಳಗಿನದು ಗುಂಡಿಗಿಳಿದರೆ ಸಾಕು. ಆದ್ದರಿಂದ ಬಲ್ಲವರು ಇಳಿಜಾರಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸುತ್ತಾರೆ. ಚಕ್ರಗಳ ಅಂತರ ಹೆಚ್ಚಿಸುತ್ತಾರೆ. ಯಂತ್ರವನ್ನು ನೆಲಕ್ಕೆ ಸಮೀಪವಾಗಿಡುತ್ತಾರೆ. ಇಳಿಯುವಾಗ ಕ್ಲಚ್ ಒತ್ತದೆ ಕೆಳಗಿನ ಗೇರಿನಲ್ಲೇ ಬರುತ್ತಾರೆ. ತೀರ ಕಡಿದಾದ ಕಡೆ ಟ್ರಾಕ್ಟರನ್ನೇ ಒಯ್ಯುವುದಿಲ್ಲ. ಚಾಲಕನನ್ನು ಕಾಪಾಡುವ ಉಕ್ಕಿನ ಚೌಕಟ್ಟನ್ನು ಹೊಸ ಟ್ರಾಕ್ಟರುಗಳಿಗೆ ಸ್ವೀಡನ್ ದೇಶ 1959ರಲ್ಲಿ ಕಡ್ಡಾಯ ಮಾಡಿತು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡರೇ ಅದರ ಪೂರ್ಣ ಪ್ರಯೋಜನ.

ಫರ್ಗುಸನ್ನರು 1953ರಲ್ಲಿ ತಮ್ಮ ಉದ್ಯಮವನ್ನು ಮ್ಯಾಸಿ-ಹ್ಯಾರಿಸ್ ಕಂಪೆನಿಯೊಡನೆ ವಿಲೀನಗೊಳಿಸಿ, 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನಲ್ಲಿ ನಿಧನ ಹೊಂದಿದರು. ಅದೇ ವರ್ಷ ಮದ್ರಾಸಿನಲ್ಲಿ ಸ್ಥಾಪನೆಯಾದ ಕಂಪೆನಿಯೊಂದು ತಯಾರಿಸಿದ ಮ್ಯಾಸಿ ಫರ್ಗುಸನ್ ಟ್ರಾಕ್ಟರುಗಳು ನಮ್ಮ ಊರುಗಳಿಗೂ ಬಂದವು, ಹಿಂದೆ ಅದೇ ಮೂರು ತೋಳುಗಳೊಡನೆ.